ಟೈರಿನ ಲೆಕ್ಕದಲ್ಲಿ 60 ಪಿಎಸ್‌ಐ ಬಂದದ್ದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ತಾಪಮಾನಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಅಪ್ಪನ ಸ್ಕೂಟರಿನ ಟೈರಿಗೆ ಅನ್ವಯಿಸಿ ನೋಡಿದೆ. ಬೆಳಿಗ್ಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ರೋಲ್ ಬಂಕಿನ ಮೀಟರ್ 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಮಾನ) ತೋರಿಸಿತ್ತು. ಮಧ್ಯಾಹ್ನ ಬಿಸಿಲಿನಲ್ಲಿ ಓಡಾಡಿ ಟೈರಿನೊಳಗಿನ ಗಾಳಿ 40 ಡಿಗ್ರಿಗೆ ಏರಿತೆಂದು ಇಟ್ಟುಕೊಂಡರೆ ಲೆಕ್ಕದಲ್ಲಿ 60 ಬರುತ್ತದೆ, ಮೀಟರಿನಲ್ಲಿ ಇದ್ದದ್ದು ಸುಮಾರು 33. ತಪ್ಪಿದ್ದೆಲ್ಲಿ?

ಉತ್ತರ: ನಿಯಮ ಸರಿಯಾಗಿದೆ, ನೀವು ಎರಡು ಕಡೆ ಸೊನ್ನೆಯನ್ನು ತಪ್ಪಾದ ಜಾಗದಲ್ಲಿ ಇಟ್ಟಿದ್ದೀರಿ. ಲೆಕ್ಕವನ್ನು ಮೀಟರಿನೊಂದಿಗೆ ಹೋಲಿಸಿ ನೋಡಿದ್ದು ನನಗೆ ಬಹಳ ಸಂತೋಷ ತಂದಿತು.

ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದುವೇ ಹೊರತು ಅಣುಗಳ ಓಡಾಟ ಕನಿಷ್ಠ ಮಟ್ಟಕ್ಕೆ ಇಳಿಯುವ ಬಿಂದುವಲ್ಲ. ಆದ್ದರಿಂದ 20ರಿಂದ 40ಕ್ಕೆ ಹೋದಾಗ ತಾಪಮಾನ ಇಮ್ಮಡಿಯಾಗುವುದಿಲ್ಲ. ಆ ಕನಿಷ್ಠ ಬಿಂದುವಿನಿಂದಲೇ ಎಣಿಸುವ ಕೆಲ್ವಿನ್ ಮಾಪಕದಲ್ಲಿ (ಸೆಲ್ಸಿಯಸ್‌ಗೆ 273 ಸೇರಿಸಿದರೆ ಕೆಲ್ವಿನ್) ಅದು 293ರಿಂದ 313ಕ್ಕೆ, ಎಂದರೆ ಶೇಕಡಾ 7ಕ್ಕಿಂತ ತುಸು ಕಡಿಮೆ ಏರುತ್ತದೆ. ಇದನ್ನು ತಿದ್ದಿದರೆ 32 ಬರುತ್ತದೆ, ಆದರೂ 33 ಬರುವುದಿಲ್ಲ.

ಉಳಿದ ತಪ್ಪು ಮೀಟರನ್ನು ಓದುವುದರಲ್ಲಿದೆ, ಮತ್ತು ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಪಂಕ್ಚರ್ ಆಗಿ ಪೂರ್ತಿ ಇಳಿದ ಟೈರಿಗೆ ಹಿಡಿದರೆ ಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಆಗಲೂ ಟೈರಿನೊಳಗೆ ಗಾಳಿ ಇದೆ; ಅದರ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗಿದೆ, ಅಷ್ಟೇ. ಮೀಟರ್ ಹೇಳುವುದು ಹೊರಗಿಗಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನು, ನಿಯಮ ಕೇಳುವುದು ಒಳಗಿನ ಒಟ್ಟು ಒತ್ತಡವನ್ನು. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ 14.7 ಪಿಎಸ್‌ಐ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 13.2. ಹಾಗಾಗಿ ಬೆಳಗಿನ ಒಟ್ಟು ಒತ್ತಡ 43.2. ಅದನ್ನು 313ರಿಂದ ಗುಣಿಸಿ 293ರಿಂದ ಭಾಗಿಸಿದರೆ 46.1, ಹೊರಗಿನ 13.2 ಕಳೆದರೆ 32.9. ಟೈರು ತುಸು ಹಿಗ್ಗುತ್ತದೆಯಾದರೂ ಈ ಲೆಕ್ಕದಲ್ಲಿ ಅದನ್ನು ಬಿಡಬಹುದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ಕುಕ್ಕರಿಗೂ ಇದೇ ಲೆಕ್ಕ ಹಾಕಬಹುದೇ?

ಉತ್ತರ: ಒಟ್ಟು ಒತ್ತಡದ ಮಾತು ಅಲ್ಲಿಯೂ ಸಲ್ಲುತ್ತದೆ. ಕುಕ್ಕರಿನ ವೆಯ್ಟ್ ಹೊರಗಿನ ಒತ್ತಡದ ಮೇಲೆ ಸುಮಾರು 100 ಕಿಲೋಪಾಸ್ಕಲ್ ಸೇರಿಸುವುದರಿಂದ ಹೊರಗೆ ಸುಮಾರು 91 ಕಿಲೋಪಾಸ್ಕಲ್ (ಅದೇ 13.2 ಪಿಎಸ್‌ಐ) ಇರುವ ಬೆಂಗಳೂರಿನಲ್ಲಿ ಒಳಗೆ ಸುಮಾರು 191 ಆಗುತ್ತದೆ, ತೆರೆದ ಪಾತ್ರೆಯಲ್ಲಿ 97 ಡಿಗ್ರಿಗೇ ಕುದಿಯುವ ನೀರು ಅಲ್ಲಿ ಸುಮಾರು 119 ಡಿಗ್ರಿಯವರೆಗೆ ಕಾಯುತ್ತದೆ. ಆದರೆ ಟೈರಿನ ಅನುಪಾತವನ್ನು ಕುಕ್ಕರಿಗೆ ಹಚ್ಚಬಾರದು. ಟೈರಿನಲ್ಲಿ ಗಾಳಿಯ ಅಣುಗಳ ಸಂಖ್ಯೆ ಸ್ಥಿರ. ಕುಕ್ಕರಿನಲ್ಲಿ ನೀರು ಕ್ಷಣಕ್ಷಣವೂ ಆವಿಯಾಗಿ ಅಣುಗಳನ್ನು ಸೇರಿಸುತ್ತಲೇ ಇರುತ್ತದೆ. ಬೇಕಿದ್ದರೆ, ಕಾಗದದ ಮೇಲೆ ಮಾತ್ರ, ನೀರಿಲ್ಲದ ಕುಕ್ಕರಿನ ಲೆಕ್ಕ ಹಾಕಿ ನೋಡಿ: 91 ಕಿಲೋಪಾಸ್ಕಲ್‌ನ ಒಣಗಾಳಿಯನ್ನು 27 ಡಿಗ್ರಿಯಿಂದ 119ಕ್ಕೆ ಕಾಯಿಸಿದರೆ ಒತ್ತಡ ಏರುವುದು ಸುಮಾರು 28 ಕಿಲೋಪಾಸ್ಕಲ್‌ನಷ್ಟು ಮಾತ್ರ. 100 ಕಿಲೋಪಾಸ್ಕಲ್ ಬೇಡುವ ವೆಯ್ಟನ್ನು ಅದು ಎತ್ತಲಾರದು, ಸೀಟಿಯೂ ಕೂಗುವುದಿಲ್ಲ.