ಮತ್ತೆ ಕಥೆ ಬರೆಯಬೇಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. 2014ರವರೆಗೆ ಸಣ್ಣಕಥೆ ಬರೆಯುತ್ತಿದ್ದೆ. ಆಮೇಲೆ ಮಕ್ಕಳು, ಕೆಲಸ, ಹಾಸಿಗೆ ಹಿಡಿದ ಅತ್ತೆಯ ಆರೈಕೆ. ಪುರುಸೊತ್ತೇ ಸಿಗಲಿಲ್ಲ. ಈಗ ಬೆಳಿಗ್ಗೆ ಐದರಿಂದ ಆರು ನನ್ನದೇ ಸಮಯ. ಮೊದಲ ಸಾಲು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆಯುತ್ತೇನೆ. ಅಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ.

ಅರ್ಧಕ್ಕೆ ನಿಂತ ಒಂದು ಕಥೆಯಿಂದಲೇ ಶುರು ಮಾಡುವ ಆಸೆ. ಅದನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ, ಮೊಬೈಲಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರಗಳಲ್ಲಿ ಅಲ್ಲ. ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಒತ್ತಕ್ಷರ, ಅರ್ಕಾವತ್ತು ಕೆಡದ ಹಾಗೆ ಯೂನಿಕೋಡಿಗೆ ಬದಲಾಯಿಸುವುದು ಹೇಗೆ?

ಇನ್ನೊಂದು, ನನಗೆ ಇದೇ ಜಾಸ್ತಿ ಮುಖ್ಯ. ವರ್ಷಗಟ್ಟಲೆ ಬಿಟ್ಟು ಮತ್ತೆ ಬರೆದವರು ಹಳೆಯ ಕಥೆ ಮುಗಿಸಿದಿರಾ, ಹೊಸದು ಹಿಡಿದಿರಾ? ವಾರಕ್ಕೊಂದು ಪುಟ ಓದಿ ನೇರವಾಗಿ ಹೇಳುವವರು ಯಾರಾದರೂ ಇದ್ದೀರಾ? ನಿಮ್ಮದನ್ನೂ ಮನಸ್ಸಿಟ್ಟು ಓದುತ್ತೇನೆ.