ಟ್ಯಾಂಕ್ ಫುಲ್ ಮಾಡಿಸಿದ ದಿನವೇ ಗಾಡಿ ದಾರೀಲಿ ಆಫ್ ಆಗುತ್ತಿದೆ, ಡೀಸೆಲ್ ಕಲಬೆರಕೆ ಇರಬಹುದಾ?

ಮಂಡಕ್ಕಿ ಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಡೀಸೆಲ್ ಪಿಕಪ್. ಎಂಜಿನ್‌ಗೆ ಡೀಸೆಲ್ ತಳ್ಳುವ ಪಂಪ್ ಹಳೇ ಥರದ್ದು, ಹೊಸ ಗಾಡಿಗಳ ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಅಲ್ಲ, ಸೆನ್ಸರ್ ಗಿನ್ಸರ್ ಏನೂ ಇಲ್ಲ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ವಾರಕ್ಕೆ ಮೂರು ಟ್ರಿಪ್ ಹೊಡೆಯುತ್ತೇನೆ, ಒಂದು ದಿನ ಮಂಡಕ್ಕಿ, ಒಂದು ದಿನ ಅಕ್ಕಿ.

ಮೂರು ವಾರದಿಂದ ಒಂದೇ ಗೋಳು. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಆನಗೋಡು ದಾಟುವ ತನಕ ಕುದುರೆ ಥರ ಓಡುತ್ತದೆ, ಭರಮಸಾಗರ ಹತ್ತಿರ ಬಂತು ಅನ್ನುವಾಗ ಎಳೆಯುವುದೇ ನಿಲ್ಲುತ್ತದೆ. ಎಕ್ಸಲರೇಟರ್ ಪೂರ್ತಿ ಒತ್ತಿದರೂ 60ರಿಂದ 40ಕ್ಕೆ ಇಳಿದು, ಥರ್ಡ್ ಗೇರಿಗೆ ಬಂದು, ಎರಡು ಮೂರು ಸಲ ಜರ್ಕ್ ಹೊಡೆದು ಆಫ್. ಹೊಗೆ ಇಲ್ಲ. ಹೀಟ್ ಮುಳ್ಳು ನಡುವೆಯೇ ಇರುತ್ತದೆ. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ರೋಡ್ ಪಕ್ಕ ಹದಿನೈದು ಇಪ್ಪತ್ತು ನಿಮಿಷ ಕೂತು ಮತ್ತೆ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಹತ್ತು ಕಿಲೋಮೀಟರ್ ಹೋದ ಮೇಲೆ ಮತ್ತೆ ಅದೇ ಕಥೆ. ವಾಪಸ್ ಖಾಲಿ ಬರುವಾಗ ಎಲ್ಲೂ ನಿಲ್ಲುವುದಿಲ್ಲ. ಮಂಡಕ್ಕಿ ಲೋಡ್ ಇದ್ದಾಗ ಹೇಗೋ ಎಳೆದಾಡಿಕೊಂಡು ದುರ್ಗ ಮುಟ್ಟಿದ್ದೂ ಇದೆ.

ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದೆ. ಮೆಕ್ಯಾನಿಕ್ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆ ಅಂತ ನಟ್ಟು ಬಿಚ್ಚಿ ಏರ್ ತೆಗೆದ. ಅವತ್ತು ಸರಿಯಾಗಿ ಹೋಯಿತು, ನಾಲ್ಕು ದಿನಕ್ಕೆ ಮತ್ತೆ ಶುರು. ಈಗ ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿಮಾಡಿಸಲು ಕಳಿಸಬೇಕು, ಹದಿನೈದು ಸಾವಿರ ಇಟ್ಟುಕೊಂಡಿರಿ ಅನ್ನುತ್ತಿದ್ದಾನೆ.

ನನಗೆ ಅನುಮಾನ ಡೀಸೆಲ್ ಮೇಲೆ. ಯಾಕಂದ್ರೆ ಐನೂರು, ಸಾವಿರ ರೂಪಾಯಿಗೆ ಹಾಕಿಸಿ ಓಡಿಸಿದ ದಿನ ಒಮ್ಮೆಯೂ ನಿಂತಿಲ್ಲ. ಫುಲ್ ಮಾಡಿಸಿದ ದಿನವೇ ನಿಲ್ಲುತ್ತದೆ. ಬಂಕ್ ಬದಲಾಯಿಸಿ ನೋಡಿದೆ, ಅಲ್ಲೂ ಹಾಗೇ. ಗೊತ್ತಿದ್ದವರು ಹೇಳಿ.

ಲೋಡ್ ಅಣ್ಣ:

ಪಂಪೇ ಗುರು, ಡೌಟೇ ಬೇಡ. ನನ್ನ ಗಾಡಿಗೂ ಹೀಗೇ ಆಗಿತ್ತು. ಪಂಪ್ ಒಳಗೆ ಸವೆದಿದ್ದರೆ ತಣ್ಣಗಿದ್ದಾಗ ಕೆಲಸ ಮಾಡುತ್ತದೆ, ಬಿಸಿಯಾದರೆ ಡೀಸೆಲ್ ತೆಳ್ಳಗಾಗಿ ಸಂದಿಯಲ್ಲೇ ಸೋರಿ ಪ್ರೆಶರ್ ಬರುವುದಿಲ್ಲ. ಹದಿನೈದು ವರ್ಷದ ಮೇಲಾಗಿರುವ ಗಾಡಿ ಅಲ್ವಾ, ಮಾಡಿಸಿಬಿಡಿ.

ಸ್ಪ್ಯಾನರ್ 14:

ಮಂಡಕ್ಕಿ ಅಣ್ಣ, ಸ್ವಲ್ಪ ತಡೆಯಿರಿ. ಪಂಪ್ ಇಳಿಸುವುದು ಕೊನೇ ಕೆಲಸ. ಲೋಡ್ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅದನ್ನು ಪುಕ್ಕಟೆ ನೋಡಬಹುದು. ಗಾಡಿ ನಿಂತಾಗ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣೀರು ಸುರಿಯಿರಿ. ಸವೆದ ಪಂಪ್ ಆದರೆ ಎರಡು ನಿಮಿಷದಲ್ಲಿ ಸ್ಟಾರ್ಟ್ ಆಗುತ್ತದೆ. ಇನ್ನೊಂದು ಮಾತು, ಸವೆದ ಪಂಪಿಗೆ ಟ್ಯಾಂಕಿನಲ್ಲಿ ಐದು ಲೀಟರ್ ಇದೆಯೋ ಐವತ್ತು ಇದೆಯೋ ಏನು ಗೊತ್ತು?

ಹೊಗೆ ಇಲ್ಲ ಅಂದಿರಿ. ಏರ್ ಫಿಲ್ಟರ್ ಕಟ್ಟಿದ್ದರೆ, ಅಥವಾ ಟರ್ಬೋ ಪೈಪ್ ಒಡೆದಿದ್ದರೆ ಲೋಡಲ್ಲಿ ಕಪ್ಪು ಹೊಗೆ ಬರಬೇಕಿತ್ತು. ಹೊಗೆಯೇ ಇಲ್ಲದೆ ಸೊರಗಿ ನಿಲ್ಲುತ್ತದೆ ಅಂದರೆ ಎಂಜಿನ್‌ಗೆ ಡೀಸೆಲ್ಲೇ ಸಿಗುತ್ತಿಲ್ಲ.

ಮುಂದಿನ ಸಲ ನಿಂತಾಗ ಸೆಲ್ಫ್ ಹೊಡೆದು ಬ್ಯಾಟರಿ ಕೊಲ್ಲಬೇಡಿ. ಇಳಿದು ಹ್ಯಾಂಡ್ ಪ್ರೈಮರ್, ಅಂದರೆ ಕೈಯಲ್ಲಿ ಒತ್ತಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಗುಂಡಿ, ಒತ್ತಿ ನೋಡಿ. ಮೆತ್ತಗೆ ಸುಮ್ನೆ ಹೋಗಿ ಬಂದರೆ, ನಟ್ಟು ಸಡಿಲ ಮಾಡಿದಾಗ ನೊರೆ ಬಂದರೆ, ಎಲ್ಲೋ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ. ಬಿರಿದ ಹೋಸ್, ಹಳೇ ತಾಮ್ರದ ವಾಷರ್, ಇಂಥದ್ದು. ಒತ್ತಿದ ಗುಂಡಿ ಮೇಲೆ ಬರುವುದಕ್ಕೇ ಒದ್ದಾಡಿದರೆ, ಯಾರೋ ಕೆಳಗಿಂದ ಹಿಡಿದುಕೊಂಡ ಹಾಗೆ ಅನಿಸಿದರೆ, ಟ್ಯಾಂಕ್ ಕಡೆ ಕಟ್ಟಿದೆ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ, ಇದು ಶುರುವಾಗುವ ಮುಂಚೆ ಗಾಡಿಗೆ ಏನಾದರೂ ಹೊಸದು ಹಾಕಿಸಿದ್ದಿರಾ? ಎಷ್ಟು ಚಿಕ್ಕದಾದರೂ ಹೇಳಿ.

ಕೆರೆ ಏರಿ:

ಎಂಜಿನ್ ಓಡುವಾಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳ ನಟ್ಟು ಒಂದೊಂದೇ ಸಡಿಲ ಮಾಡಿ ನೋಡಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾಗುತ್ತದೆ.

ಸ್ಪ್ಯಾನರ್ 14:

ಇವರಿಗೆ ಒಂದು ಸಿಲಿಂಡರ್ ಅಲ್ಲ, ನಾಲ್ಕೂ ಒಟ್ಟಿಗೆ ಹೋಗುತ್ತಿವೆ ಅಣ್ಣ. ಮತ್ತೆ ಇದನ್ನು ಓದಿದ ಯಾರೂ ಕಾಮನ್ ರೈಲ್ ಗಾಡಿಯಲ್ಲಿ ಈ ಪ್ರಯೋಗ ಮಾಡಬೇಡಿ. ಅಲ್ಲಿ ಪೈಪಿನಲ್ಲಿ ಸಾವಿರ ಬಾರ್‌ಗೂ ಜಾಸ್ತಿ ಪ್ರೆಶರ್ ಇರುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಳೇ ಪಂಪ್ ಗಾಡಿಯಲ್ಲೂ ಕೈ, ಮುಖ ದೂರ ಇಟ್ಟುಕೊಂಡೇ ಮಾಡಬೇಕು.

ಮಂಡಕ್ಕಿ ಗಾಡಿ:

ನಿನ್ನೆ ಫುಲ್ ಮಾಡಿಸಿ ಅಕ್ಕಿ ಲೋಡ್ ಹಾಕಿಕೊಂಡು ಹೋದೆ. ಭರಮಸಾಗರ ದಾಟಿದ ಮೇಲೆ ನಿಂತಿತು. ತಣ್ಣೀರು ಹಾಕಿದೆ, ಏನೂ ಆಗಲಿಲ್ಲ. ಪ್ರೈಮರ್ ನೀವು ಹೇಳಿದ ಎರಡನೇ ಥರ, ಗುಂಡಿ ಮೇಲೆ ಬರಲು ಒಲ್ಲೆ ಅನ್ನುತ್ತದೆ. ಫಿಲ್ಟರ್ ಮೊನ್ನೆ ತಾನೇ ಹಾಕಿಸಿದ್ದು!

ಇನ್ನೊಂದು ಹೇಳುವುದು ಮರೆತಿದ್ದೆ. ನಿಲ್ಲುವ ಸ್ವಲ್ಪ ಮುಂಚೆ ಕೆಳಗೆ ಎಲ್ಲೋ ಢಬ್ ಅಂತ ಶಬ್ದ ಬರುತ್ತದೆ. ಮೂಟೆ ಜಾರಿತು ಅಂದುಕೊಂಡಿದ್ದೆ.

ಹೊಸದು ಅಂದರೆ ಎಂಜಿನ್‌ಗೆ ಏನೂ ಹಾಕಿಸಿಲ್ಲ. ಒಂದು ತಿಂಗಳ ಹಿಂದೆ ಬಂಕಿನಲ್ಲಿ ಟ್ಯಾಂಕ್ ಮುಚ್ಚಳ ಮರೆತು ಬಂದಿದ್ದೆ, ಅಂಗಡಿಯಲ್ಲಿ 120 ರೂಪಾಯಿಗೆ ಒಂದು ತಗೊಂಡು ಹಾಕಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸ್ಪ್ಯಾನರ್ 14:

ಅಯ್ಯೋ ಅಣ್ಣ, ಅದನ್ನೇ ಮೊದಲು ಹೇಳಬಾರದಾ!

ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ನಿಮ್ಮಂಥ ಹಳೇ ಗಾಡಿಯಲ್ಲಿ ಅದಕ್ಕೆ ಮುಚ್ಚಳದಲ್ಲೇ ಸಣ್ಣ ದಾರಿ ಇರುತ್ತದೆ, ಒಳಗೊಂದು ಪುಟ್ಟ ವಾಲ್ವ್. ನೀವು ತಂದದ್ದು ಸುಮ್ನೆ ಬಿಗಿ ಮುಚ್ಚಳ ಅನಿಸುತ್ತದೆ. ಗಾಳಿ ಬರುವುದಿಲ್ಲ, ಪಂಪ್ ಎಳೆಯುತ್ತಲೇ ಇರುತ್ತದೆ, ಒಳಗೆ ವ್ಯಾಕ್ಯೂಮ್. ಆ ಢಬ್ ಶಬ್ದ ಮೂಟೆಯದ್ದಲ್ಲ, ಟ್ಯಾಂಕಿನ ತಗಡು ಒಳಗೆ ಹೀರಿಕೊಂಡದ್ದು.

ಫುಲ್ ಟ್ಯಾಂಕ್ ಲೆಕ್ಕ ಕೇಳಿ. ಕುತ್ತಿಗೆ ತನಕ ತುಂಬಿಸಿದರೆ ಮೇಲೆ ಗಾಳಿಗೆ ಉಳಿಯುವ ಜಾಗ ಮೂರು ಲೀಟರ್ ಅಂತ ಇಟ್ಟುಕೊಳ್ಳಿ. ಭರಮಸಾಗರ ಬರುವ ಹೊತ್ತಿಗೆ ನೀವು ಮೂರು ಲೀಟರ್ ಡೀಸೆಲ್ ಸುಟ್ಟಿರುತ್ತೀರಿ. ಮೂರು ಲೀಟರ್ ಗಾಳಿ ಆರು ಲೀಟರ್ ಜಾಗಕ್ಕೆ ಹರಡಬೇಕು, ಪ್ರೆಶರ್ ಅರ್ಧಕ್ಕೆ ಬೀಳುತ್ತದೆ. ಅಷ್ಟು ಬೀಳುವ ಮೊದಲೇ ತಗಡು ಬಗ್ಗುತ್ತದೆ, ಪಂಪ್ ಕೈ ಚೆಲ್ಲುತ್ತದೆ. ಅದೇ ಅರ್ಧ ಟ್ಯಾಂಕ್ ಇದ್ದರೆ ಗಾಳಿಯೇ 27 ಲೀಟರ್, ಅದು 30 ಆದರೆ ಹತ್ತನೇ ಒಂದು ಭಾಗ ಇಳಿಯುತ್ತದೆ ಅಷ್ಟೇ. ಎಂಜಿನ್‌ಗೆ ಗೊತ್ತೂ ಆಗುವುದಿಲ್ಲ. ಸಾವಿರ ರೂಪಾಯಿ ಡೀಸೆಲ್‌ನಲ್ಲಿ ನಿಲ್ಲದೇ ಇದ್ದದ್ದು ಇದಕ್ಕೇ. ಪಾಪ, ಬಂಕಿನವರನ್ನು ಸುಮ್ನೆ ಬೈದಿದ್ದೀರಿ.

ಕಾಲು ಗಂಟೆ ಕೂತರೆ ಸಂದಿಗೊಂದಿಯಲ್ಲಿ ಸ್ವಲ್ಪ ಗಾಳಿ ನುಸುಳುತ್ತದೆ, ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ನಟ್ಟು ಬಿಚ್ಚಿದಾಗ ಆ ಪೈಪಿನಿಂದಲೇ ಟ್ಯಾಂಕ್ ಉಸಿರು ಎಳೆದುಕೊಂಡಿದೆ, ಅದಕ್ಕೇ ಅವತ್ತು ಸರಿಹೋಯಿತು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ದುರ್ಗ 730ರ ಆಸುಪಾಸು. ಏರು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಕ್ಕಿ ಹೊತ್ತ ಎಂಜಿನ್‌ಗೆ ಗೊತ್ತಾಗುತ್ತದೆ, ಡೀಸೆಲ್ ಜಾಸ್ತಿ ಕೇಳುತ್ತದೆ. ವಾಪಸ್ ಬರುವಾಗ ಖಾಲಿ, ಇಳಿಜಾರು, ಟ್ಯಾಂಕಿನಲ್ಲಿ ಜಾಗವೂ ಜಾಸ್ತಿ.

ಪರೀಕ್ಷೆ ಸುಲಭ. ನಿಂತ ತಕ್ಷಣ ಎಂಜಿನ್ ಮುಟ್ಟಬೇಡಿ, ಮುಚ್ಚಳ ತೆಗೆಯಿರಿ. ಉಸ್ ಅಂದರೆ ಕಳ್ಳ ಸಿಕ್ಕಿಬಿದ್ದ. ಉಸ್ ಅನ್ನದಿದ್ದರೆ ಟ್ಯಾಂಕ್ ಒಳಗಿನ ಜಾಲರಿ ನೋಡಬೇಕು. ಐದು ಲೀಟರ್ ಕ್ಯಾನಿನಿಂದ ನೇರ ಪಂಪಿಗೆ ಹೋಸ್ ಕೊಟ್ಟು ಓಡಿಸಿದರೆ ಅದೂ ಗೊತ್ತಾಗುತ್ತದೆ.

ಮಂಡಕ್ಕಿ ಗಾಡಿ:

ಉಸ್ ಅಂತು! ಉಸ್ ಅಂದರೆ ಸಣ್ಣ ಉಸ್ ಅಲ್ಲ, ಕುಕ್ಕರ್ ಉಲ್ಟಾ ಕೂಗಿದ ಹಾಗೆ, ಹಿಂದೆಯೇ ಢಬ್ ಅಂತ ತಗಡು ವಾಪಸ್ ಬಂತು. ತಕ್ಷಣ ಒಂದೇ ಸೆಲ್ಫಿಗೆ ಸ್ಟಾರ್ಟ್. ದೂರದಲ್ಲಿ ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತಿದ್ದವು, ನನ್ನ ಟ್ಯಾಂಕಿಗೆ ಒಂದು ಗುಟುಕು ಗಾಳಿ ಗತಿ ಇರಲಿಲ್ಲ. ನಗು ಬಂತು.

ಮುಚ್ಚಳಕ್ಕೆ ನಾನೇ ಡ್ರಿಲ್ ಹಾಕಿ ತೂತು ಮಾಡಿದರೆ ಆಗುತ್ತದಾ?

ಸ್ಪ್ಯಾನರ್ 14:

ಬೇಡ. ಮಳೆ ನೀರು, ಧೂಳು ಒಳಗೆ ಹೋಗುತ್ತದೆ, ತಿರುವಿನಲ್ಲಿ ಡೀಸೆಲ್ ಹೊರಗೆ ಚೆಲ್ಲುತ್ತದೆ. ಆಗ ನಿಜವಾಗಿಯೂ ಪಂಪಿಗೆ ಹದಿನೈದು ಸಾವಿರ ಕೊಡಬೇಕಾಗುತ್ತದೆ. ನಿಮ್ಮ ಮಾಡೆಲ್‌ನ ವಾಲ್ವ್ ಇರುವ ಮುಚ್ಚಳವೇ ಕೇಳಿ ತಗೊಳ್ಳಿ.

ಲೋಡ್ ಅಣ್ಣ:

ನಾನು ಸೋತೆ ಗುರು. ನನ್ನ ಗಾಡಿ ಮುಚ್ಚಳ ನೋಡಿ ಬರುತ್ತೇನೆ.

ಮಂಡಕ್ಕಿ ಗಾಡಿ:

ತಗೊಳ್ಳುವ ಪ್ರಮೇಯವೇ ಬರಲಿಲ್ಲ. ಮೊದಲು ಬೈದ ಬಂಕಿಗೇ ಹೋಗಿ ಕೇಳಿದೆ. ಆಫೀಸ್ ಕಿಟಕಿಯಲ್ಲಿ ಏಳೆಂಟು ಮುಚ್ಚಳ ಸಾಲಾಗಿ ಇಟ್ಟಿದ್ದರು, ನನ್ನದು ಮೂರನೇದು. ಇವತ್ತು ಫುಲ್ ಟ್ಯಾಂಕ್, ಅಕ್ಕಿ ಲೋಡ್, ಎಲ್ಲೂ ನಿಲ್ಲದೆ ಬಂದು ದುರ್ಗದಲ್ಲಿ ಟೀ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ.