ವಿಲ್ಡ್‌ಶೋನೌ ಕಣಿವೆಗೆ ಹನ್ನೊಂದು ಜನರ ಸ್ಕೀ ಪ್ರವಾಸ: ಹೋಗಿ ಬಂದವರು ಏನು ಹೇಳುತ್ತಾರೆ?

ಪ್ರಶ್ನೆ

ಮ್ಯೂನಿಕ್ ಮತ್ತು ಅದರ ಆಸುಪಾಸಿನಲ್ಲಿ ನೆಲೆಸಿರುವ ಮೂರು ಕುಟುಂಬಗಳು ಸೇರಿ, ಒಟ್ಟು ಹನ್ನೊಂದು ಜನ, ಬರುವ ಫೆಬ್ರುವರಿಯಲ್ಲಿ ಒಂದು ವಾರದ ಸ್ಕೀ ಪ್ರವಾಸಕ್ಕೆ ಹೊರಡಬೇಕೆಂದಿದ್ದೇವೆ. ನಮ್ಮಲ್ಲಿ ಇಬ್ಬರಿಗೆ ಸ್ಕೀಯಿಂಗ್ ಚೆನ್ನಾಗಿ ಬರುತ್ತದೆ. ನಾಲ್ವರು ದೊಡ್ಡವರು ಇದುವರೆಗೆ ಸ್ಕೀ ಬೂಟು ತೊಟ್ಟವರೇ ಅಲ್ಲ. 5, 8 ಮತ್ತು 11 ವರ್ಷದ ಮೂವರು ಮಕ್ಕಳಿದ್ದಾರೆ. ಜೊತೆಗೆ ಮೈಸೂರಿನಿಂದ ಬಂದಿರುವ ನನ್ನ ಅತ್ತೆ ಮಾವ. ಐದು ಜನ ಸಸ್ಯಾಹಾರಿಗಳು. ಕಿಟ್ಸ್‌ಬ್ಯೂಹೆಲ್, ಇಷ್‌ಗ್ಲ್ ಮೊದಲಾದ ಹೆಸರಾಂತ ಸ್ಥಳಗಳ ದರವೂ ಗದ್ದಲವೂ ನಮಗೆ ಹೊಂದುವುದಿಲ್ಲ. ಪರಿಚಿತರೊಬ್ಬರು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ವಿಲ್ಡ್‌ಶೋನೌ ಹೆಸರನ್ನು ಸೂಚಿಸಿದರು. ಅಲ್ಲಿಗೆ ಗುಂಪಿನಲ್ಲಿ ಹೋಗಿ ಬಂದವರಿದ್ದರೆ ದಯವಿಟ್ಟು ತಮ್ಮ ಅನುಭವವನ್ನು ತಿಳಿಸಿ.

ಎರಡು ಬಾರಿ ಹೋಗಿ ಬಂದವರ ಉತ್ತರ

ನಾವು ಮೊದಲ ಬಾರಿ ಒಂಬತ್ತು ಜನ, ಎರಡನೆಯ ಬಾರಿ ಹದಿನಾಲ್ಕು ಜನ ಹೋಗಿದ್ದೆವು. ಮೊದಲ ಸಲ ಎಡವಿದ್ದು ಉಳಿಯುವ ಊರನ್ನು ಆರಿಸುವುದರಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ವಿಲ್ಡ್‌ಶೋನೌ ಒಂದು ಊರಿನ ಹೆಸರಲ್ಲ. ಇನ್ ನದಿಯ ಬಯಲಿಗೆ ದಕ್ಷಿಣದಲ್ಲಿ, ವೋರ್ಗಲ್ ಪಟ್ಟಣದಿಂದ ಮೇಲಕ್ಕೆ ಹತ್ತಿದರೆ ಸಿಗುವ ಒಂದು ಕಣಿವೆಯ ಹೆಸರು. ಅದರಲ್ಲಿ ನೀಡರೌ, ಓಬರೌ, ಔಫಾಖ್ ಮತ್ತು ಟೀರ್‌ಬಾಖ್ ಎಂಬ ನಾಲ್ಕು ಹಳ್ಳಿಗಳಿವೆ. ಜಾಹೀರಾತಿನಲ್ಲಿ ಕಾಣುವ 109 ಕಿ.ಮೀ. ಇಳಿಜಾರು ಈ ಕಣಿವೆಯೊಂದರದ್ದಲ್ಲ, ಪಕ್ಕದ ಆಲ್ಪ್‌ಬಾಖ್ ಕಣಿವೆಯನ್ನೂ ಸೇರಿಸಿದ ಲೆಕ್ಕ. ಔಫಾಖ್‌ನ ನೆತ್ತಿಯ ಮೇಲಿರುವ ಷಾಟ್ಸ್‌ಬೆರ್ಗ್ ಬೆಟ್ಟಕ್ಕೂ ಆಚೆಯ ಇನರ್‌ಆಲ್ಪ್‌ಬಾಖ್‌ಗೂ ನಡುವೆ 2012ರಲ್ಲಿ ಗೊಂಡೋಲಾ (ತಂತಿಯಲ್ಲಿ ತೂಗಿಕೊಂಡು ಸಾಗುವ ಮುಚ್ಚಿದ ಪೆಟ್ಟಿಗೆಗಳ ಸಾಲು) ಹಾಕಿದ ಮೇಲೆ ಎರಡೂ ಕಣಿವೆಗಳು ಒಂದೇ ಲಿಫ್ಟ್ ಪಾಸಿನಡಿ ಕೂಡಿಕೊಂಡವು. ಆದರೆ ನೀಡರೌ ಹಳ್ಳಿಯ ಮೇಲಿರುವ ಮಾರ್ಕ್‌ಬಾಖ್‌ಯೋಖ್ ಬೆಟ್ಟ ಈ ಜಾಲಕ್ಕೆ ಸೇರಿಲ್ಲ. ಅಲ್ಲಿಂದ ಔಫಾಖ್‌ಗೆ ಸ್ಕೀ ಬಸ್ಸಿನಲ್ಲೇ ಹೋಗಬೇಕು. ನಕ್ಷೆಯಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದರಿಂದ ಈ ವಿಷಯ ಮನೆ ಕಾಯ್ದಿರಿಸಿದ ಮೇಲೆ ತಿಳಿಯುವುದೇ ಹೆಚ್ಚು.

ಮೊದಲ ಸಲ ಸ್ಕೀಯಿಂಗ್ ಬಲ್ಲವರ ಮಾತಿಗೆ ಓಗೊಟ್ಟು ಔಫಾಖ್‌ನಲ್ಲಿ ಮನೆ ಹಿಡಿದೆವು. ಬಲ್ಲವರು ಬೆಳಿಗ್ಗೆ ಗೊಂಡೋಲಾ ಏರಿ ಆಚೆ ಕಣಿವೆಗೆ ಹೋದರೆ ಮರಳುತ್ತಿದ್ದುದು ಸಂಜೆಗೆ. ಉಳಿದವರು ಮಕ್ಕಳ ಕೈಗವಸು ಹುಡುಕುತ್ತ, ಯಾರು ಎಲ್ಲಿದ್ದಾರೆಂದು ಫೋನು ಮಾಡುತ್ತ ದಿನ ಕಳೆದರು. ಒಂದು ದಿನವಂತೂ ನಮ್ಮವರಿಬ್ಬರು ಆಲ್ಪ್‌ಬಾಖ್ ಬದಿಯಲ್ಲಿ ಕಾಫಿ ಕುಡಿಯುತ್ತ ಕುಳಿತು, ಕೊನೆಯ ಗೊಂಡೋಲಾ ಹೊರಟ ಐದು ನಿಮಿಷಕ್ಕೆ ನಿಲ್ದಾಣ ತಲುಪಿದರು. ಬೆಟ್ಟದ ಮೇಲಿನಿಂದ ಆಚೆ ಮನೆ ಈಚೆ ಮನೆ ಎನ್ನುವಷ್ಟು ಹತ್ತಿರದ ಊರುಗಳು; ರಸ್ತೆಯಲ್ಲಾದರೋ ಬ್ರಿಕ್ಸ್‌ಲೆಗ್‌ವರೆಗೆ ಇಳಿದು, ನದಿಯ ಗುಂಟ ವೋರ್ಗಲ್‌ಗೆ ಬಂದು, ಮತ್ತೆ ಕಣಿವೆ ಹತ್ತಬೇಕು. ಆ ಟ್ಯಾಕ್ಸಿಗೆ ತೆತ್ತ ಹಣದಲ್ಲಿ ಒಂಬತ್ತು ಜನರಿಗೂ ಊಟವಾಗುತ್ತಿತ್ತು. ಲಿಫ್ಟುಗಳು ಸಾಮಾನ್ಯವಾಗಿ ಸಂಜೆ ನಾಲ್ಕರ ಹೊತ್ತಿಗೆ ನಿಲ್ಲುತ್ತವೆ. ಆಚೆ ದಾಟುವವರು ಮೂರು ಗಂಟೆಗೇ ಹಿಂದಕ್ಕೆ ಮುಖ ಮಾಡಬೇಕೆಂದು ಅಂದೇ ನಿಯಮ ಮಾಡಿಕೊಂಡೆವು.

ಎರಡನೆಯ ಸಲ ನೀಡರೌದಲ್ಲಿ ಉಳಿದೆವು. ಕಲಿಯುವವರ ಇಳಿಜಾರು ಹಳ್ಳಿಯ ಅಂಚಿನಲ್ಲೇ ಇದ್ದುದರಿಂದ, ಸ್ಕೀ ಮಾಡದವರೂ ನಡೆದು ಬಂದು ಬೇಲಿಯ ಪಕ್ಕ ನಿಂತು ನೋಡಬಹುದಾಗಿತ್ತು. ಬಲ್ಲವರು ಬಸ್ಸು ಹಿಡಿದು ಔಫಾಖ್‌ಗೆ ಹೋಗುತ್ತಿದ್ದರು. ದಿನ ಬಿಟ್ಟು ದಿನ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರಬೇಕೆಂದು ಮೊದಲೇ ಒಪ್ಪಿಸಿದ್ದೆವು. ನಿಮ್ಮ ಹನ್ನೊಂದು ಜನರಲ್ಲಿ ಒಂಬತ್ತು ಜನ ಹೊಸಬರು ಅಥವಾ ಸ್ಕೀ ಮಾಡದವರು. ಅನುಭವಿಗಳಿಬ್ಬರು ಬಸ್ಸಿನಲ್ಲಿ ಓಡಾಡುವುದು ಕಷ್ಟವಲ್ಲ. ಐದು ವರ್ಷದ ಮಗುವನ್ನು ಆ ಬೂಟಿನಲ್ಲಿ ಬಸ್ಸು ಹತ್ತಿಸಿ ಇಳಿಸುವುದೇ ಕಷ್ಟ.

ಸ್ಕೀ ಶಾಲೆಯ ಖರ್ಚನ್ನು ಉಳಿಸಲು ಹೋಗಬೇಡಿ, ವಿಶೇಷವಾಗಿ ‘ನಾನೇ ಹೇಳಿಕೊಡುತ್ತೇನೆ’ ಎನ್ನುವ ಗಂಡಂದಿರ ಮಾತನ್ನು ನಂಬಬೇಡಿ. ನಮ್ಮ ಮಗಳ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಮದ ಮೇಲೆ ಮೆಲ್ಲಗೆ ಹರಿಯುವ ರಬ್ಬರಿನ ಪಟ್ಟಿಯ ಮೇಲೆ ಮಕ್ಕಳು ಬಾತುಕೋಳಿಗಳಂತೆ ಸಾಲಾಗಿ ನಿಂತು ಮೇಲೆ ಹೋಗುತ್ತಿದ್ದವು. ಶಿಕ್ಷಕಿ ಹಿಮ್ಮುಖವಾಗಿ ಜಾರುತ್ತ ‘ಪಿಜ್ಜಾ, ಪಿಜ್ಜಾ’ ಎಂದು ಕೂಗಿದರೆ ಮಕ್ಕಳು ಸ್ಕೀಯ ಮುಂತುದಿಗಳನ್ನು ಕೂಡಿಸಿ ಹಿಮ್ಮಡಿಗಳನ್ನು ಅಗಲಿಸಿ ನಿಧಾನವಾಗುತ್ತಿದ್ದವು, ‘ಪೊಮ್ಮೆಸ್’ ಎಂದರೆ ಹುರಿದ ಆಲೂಗಡ್ಡೆಯ ಕಡ್ಡಿಗಳಂತೆ ಎರಡನ್ನೂ ಸಮಾನಾಂತರವಾಗಿಟ್ಟು ಜಾರುತ್ತಿದ್ದವು. ಜರ್ಮನ್ ಅಷ್ಟಾಗಿ ಬಾರದ ಮಗುವಿಗೂ ಈ ಎರಡು ಪದ ಸಾಕಾಗಿತ್ತು. ತರಗತಿಗಳು ವಾರದ ಆರಂಭದಲ್ಲೇ ಶುರುವಾಗುವುದರಿಂದ ಶನಿವಾರವೇ ತಲುಪಿ ಬೂಟು, ಸ್ಕೀಗಳನ್ನು ಬಾಡಿಗೆಗೆ ಪಡೆದಿರಬೇಕು. ಹೊಸಬರಿಗೆ ಮೊದಲ ದಿನವೇ ಆರು ದಿನದ ಪೂರ್ಣ ಪಾಸು ಕೊಳ್ಳುವ ಅಗತ್ಯವಿಲ್ಲ. ಕಲಿಕೆಯ ಲಿಫ್ಟುಗಳಿಗಷ್ಟೇ ಯಾವ ಚೀಟಿ ಬೇಕೆಂದು ಶಾಲೆಯವರನ್ನೇ ಕೇಳಿ, ಬುಧವಾರದ ಹೊತ್ತಿಗೆ ಯಾರು ಮೇಲೆ ಹೋಗಬಲ್ಲರು ಎಂಬುದನ್ನು ನೋಡಿಕೊಂಡು ಪಾಸು ತೆಗೆಯಿರಿ.

ಒಂದು ಎಚ್ಚರಿಕೆಯ ಮಾತು. ನೀಡರೌ ಇರುವುದು ಕೇವಲ 828 ಮೀಟರ್ ಎತ್ತರದಲ್ಲಿ. ಹಿಮ ಕಡಿಮೆಯಾದ ವರ್ಷಗಳಲ್ಲಿ ಕೆಳಗಿನ ಇಳಿಜಾರುಗಳನ್ನು ಯಂತ್ರದ ಹಿಮವೇ ಕಾಪಾಡಬೇಕು, ಮತ್ತು ಆ ಯಂತ್ರಗಳಿಗೂ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಫೆಬ್ರುವರಿ ಒಳ್ಳೆಯ ಆಯ್ಕೆಯೇ, ಆದರೆ ಬವೇರಿಯಾದ ಶಾಲೆಗಳಿಗೆ ಕಾರ್ನಿವಲ್ ಹಬ್ಬಕ್ಕೆ ಕೊಡುವ ಫಾಷಿಂಗ್ ರಜೆಯ ವಾರದಲ್ಲಿ ಹೋದರೆ ಅಗ್ಗವೂ ಇರುವುದಿಲ್ಲ, ನಿಶ್ಶಬ್ದವೂ ಇರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವುದರಿಂದ ನಿಮಗೆ ಬೇರೆ ದಾರಿ ಇಲ್ಲವೆಂದು ಬಲ್ಲೆ. ಹಾಗಿದ್ದರೆ ಮನೆಗಿಂತಲೂ ಮೊದಲು ಸ್ಕೀ ಶಾಲೆಯ ಸ್ಥಳವನ್ನು ಕಾಯ್ದಿರಿಸಿ.

ಉಲ್ಮ್‌ನಿಂದ ಬಂದ ಉತ್ತರ: ಬೂಟು ಮತ್ತು ವಿಮೆ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಬಾಡಿಗೆ ಅಂಗಡಿಯಲ್ಲಿ ನಿಮ್ಮ ತೂಕ, ಎತ್ತರ, ವಯಸ್ಸು ಮತ್ತು ಅನುಭವವನ್ನು ಕೇಳುತ್ತಾರೆ; ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕಾದ ಬಿಗಿತವನ್ನು ನಿರ್ಧರಿಸುವುದು ಈ ವಿವರಗಳಿಂದಲೇ. ನಾನು ಸಂಕೋಚಕ್ಕೆ ಬಿದ್ದು ತೂಕವನ್ನು ಎಂಟು ಕಿಲೋ ಕಡಿಮೆ ಹೇಳಿದ್ದರಿಂದ, ಸ್ವಲ್ಪ ಒತ್ತಡ ಬಿದ್ದರೂ ಸ್ಕೀ ಕಳಚಿ ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದೆವು. ಅದೇ ಬಿಗಿತ ಹೆಚ್ಚಾಗಿದ್ದರೆ ಕಳಚದೆ ಮೊಣಕಾಲು ತಿರುಚಿಕೊಳ್ಳುತ್ತದೆ. ಬೂಟಿನೊಳಗೆ ಚಳಿಗೆಂದು ಎರಡು ಜೊತೆ ಕಾಲುಚೀಲ ಹಾಕುವುದು ನಮ್ಮವರ ಸಾಮಾನ್ಯ ತಪ್ಪು. ರಕ್ತಸಂಚಾರ ಬಿಗಿದು ಪಾದ ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲಿನವರೆಗೆ ಬರುವ ಒಂದೇ ಜೊತೆ ತೆಳು ಕಾಲುಚೀಲ ಸಾಕು.

ಎರಡನೆಯದು ವಿಮೆ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯ ಕಾರ್ಡು ಆಸ್ಟ್ರಿಯಾದ ಆಸ್ಪತ್ರೆಯಲ್ಲಿ ನಡೆಯುತ್ತದೆ, ಆದರೆ ಇಳಿಜಾರಿನಿಂದ ಹೆಲಿಕಾಪ್ಟರಿನಲ್ಲಿ ಇಳಿಸಿದರೆ ಆ ಬಿಲ್ಲು ನಿಮ್ಮ ಕೈಗೇ ಬರಬಹುದು, ಮತ್ತು ಅದು ಸಾವಿರಾರು ಯೂರೋಗಳ ಬಿಲ್ಲು. ಪರ್ವತ ರಕ್ಷಣೆಯನ್ನು ಒಳಗೊಂಡ ಪ್ರಯಾಣ ವಿಮೆಯನ್ನೋ, ಅಂತಹ ವಿಮೆ ಸೇರಿರುವ ಆಲ್ಪೈನ್ ಸಂಘದ ಸದಸ್ಯತ್ವವನ್ನೋ ಹೊರಡುವ ಮುನ್ನ ಮಾಡಿಸಿಕೊಳ್ಳಿ. ಬೇರೊಬ್ಬರಿಗೆ ಡಿಕ್ಕಿ ಹೊಡೆದರೆ ಬೇಕಾಗುವ ಹೊಣೆಗಾರಿಕೆಯ ವಿಮೆ ಮೂರೂ ಕುಟುಂಬಗಳಿಗೆ ಇದೆಯೇ ನೋಡಿಕೊಳ್ಳಿ. ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಯ ತುರ್ತು ಸಂಖ್ಯೆ 140. ಯುರೋಪಿನ 112 ಕೂಡ ನಡೆಯುತ್ತದೆ.

ಅತ್ತೆಯವರನ್ನು ಕರೆದುಕೊಂಡು ಹೋಗಿದ್ದವರ ಉತ್ತರ

ನಾನು ಸ್ಕೀ ಮಾಡುವವಳಲ್ಲ, ಹೋದ ವರ್ಷ ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರ ಜೊತೆಗೆ ಹೋದವಳು. ಆದ್ದರಿಂದ ನಿಮ್ಮ ಅತ್ತೆ ಮಾವನವರ ವಿಷಯವನ್ನಷ್ಟೇ ಹೇಳುತ್ತೇನೆ. ಹಿರಿಯರಿಗೆ ಅಲ್ಲಿ ಅಪಾಯವಿರುವುದು ಬೆಟ್ಟದ ಮೇಲಲ್ಲ, ಮನೆಯ ಬಾಗಿಲಲ್ಲಿ. ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಗಟ್ಟಿಯಾಗಿ, ಬೆಳಿಗ್ಗೆ ಮೆಟ್ಟಿಲೇ ಕಾಣದಂತೆ ಹೊಳೆಯುತ್ತದೆ. ಬೂಟಿನ ಅಡಿಗೆ ರಬ್ಬರಿನಿಂದ ಎಳೆದು ಸಿಕ್ಕಿಸುವ ಸಣ್ಣ ಉಕ್ಕಿನ ಮುಳ್ಳುಗಳ ಪಟ್ಟಿ ಸಿಗುತ್ತದೆ. ಮ್ಯೂನಿಕ್‌ನಲ್ಲೇ ಎರಡು ಜೊತೆ ಕೊಂಡುಕೊಳ್ಳಿ. ಅತ್ತೆಯವರು ಮೊದಲ ದಿನ ಅದನ್ನು ನೋಡಿ ‘ಎತ್ತಿಗೆ ಲಾಳ ಹೊಡದಂಗ ಆತು ನೋಡು’ ಎಂದು ನಕ್ಕರು, ಆಮೇಲೆ ಅದಿಲ್ಲದೆ ಹೊಸ್ತಿಲು ದಾಟಲಿಲ್ಲ. ಹಿಮದಿಂದ ಪ್ರತಿಫಲಿಸುವ ಬಿಸಿಲು ಬಹಳ ತೀಕ್ಷ್ಣ, ಹೊಸ ಹಿಮ ಅತಿನೇರಳೆ ಕಿರಣಗಳ ಸುಮಾರು ಶೇಕಡಾ 80ರಷ್ಟನ್ನು ಹಿಂದಿರುಗಿಸುತ್ತದೆ. ಕಪ್ಪು ಕನ್ನಡಕವನ್ನು ಹಿರಿಯರೂ ಧರಿಸಬೇಕು.

ಸ್ಕೀ ಮಾಡದವರು ಗೊಂಡೋಲಾದಲ್ಲಿ ಮೇಲೆ ಹೋಗಿ ಅದರಲ್ಲೇ ಇಳಿದು ಬರಬಹುದು, ಹಿಮ ತೆಗೆದು ಸಮ ಮಾಡಿದ ನಡಿಗೆಯ ದಾರಿಗಳೂ ಇವೆ. ಒಂದು ದಿನವನ್ನು ಆಲ್ಪ್‌ಬಾಖ್ ಹಳ್ಳಿಗೆ ಮೀಸಲಿಡಿ. ಇಡೀ ಊರು ಹಳೆಯ ಮಾದರಿಯ ಮರದ ಮನೆಗಳದ್ದು. ಚರ್ಚಿನ ಅಂಗಳದ ಸ್ಮಶಾನದಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಅವರ ಸಮಾಧಿಯಿದೆ. 1933ರಲ್ಲಿ ನೊಬೆಲ್ ಪಡೆದು 1961ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಅವರನ್ನು ಅವರ ಮೆಚ್ಚಿನ ಈ ಹಳ್ಳಿಯಲ್ಲಿ ಮಣ್ಣು ಮಾಡಿದರು. ಕಬ್ಬಿಣದ ಶಿಲುಬೆಯ ಮೇಲೆ ಅವರ ತರಂಗ ಸಮೀಕರಣವನ್ನೇ ಬರೆದಿದ್ದಾರೆ. ಅವರು ಉಪನಿಷತ್ತುಗಳನ್ನು ಓದಿ ವೇದಾಂತದ ಬಗ್ಗೆ ಬರೆದವರೆಂದು ತಿಳಿದ ಮೇಲೆ, ನಿವೃತ್ತ ವಿಜ್ಞಾನ ಶಿಕ್ಷಕಿಯಾದ ಅತ್ತೆಯವರು ಆ ಚಳಿಯಲ್ಲಿ ಕೈಗವಸು ತೆಗೆದು, ಸಮೀಕರಣದ ಅಕ್ಷರಗಳ ಮೇಲೆ ಕೂತಿದ್ದ ಹಿಮವನ್ನು ಬೆರಳಿನಿಂದ ಒರೆಸಿದರು.

ಹಿರಿಯರ ಪಾಸ್‌ಪೋರ್ಟುಗಳನ್ನು ಮರೆಯದೆ ಕೈಯಲ್ಲೇ ಇಟ್ಟುಕೊಳ್ಳಿ, ನೀವೂ ನಿಮ್ಮ ನಿವಾಸದ ಕಾರ್ಡು ಇಟ್ಟುಕೊಂಡಿರಿ. ಎರಡೂ ದೇಶಗಳು ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಷೆಂಗೆನ್ ಪ್ರದೇಶದಲ್ಲೇ ಇದ್ದರೂ ಜರ್ಮನಿಗೆ ಮರಳುವಾಗ ಗಡಿಯಲ್ಲಿ ಪೊಲೀಸರು ರೈಲಿನೊಳಗೂ ಬಂದು ದಾಖಲೆ ನೋಡುತ್ತಾರೆ.

ಊಟದ ಬಗ್ಗೆ

ಸಸ್ಯಾಹಾರಿಗಳು ಅಲ್ಲಿ ಹಸಿದಿರಬೇಕಾಗಿಲ್ಲ, ಮೋಸಹೋಗದಂತೆ ನೋಡಿಕೊಳ್ಳಬೇಕು ಅಷ್ಟೇ. ಚೀಸ್ ಬೆರೆಸಿ ಮೇಲೆ ಹುರಿದ ಈರುಳ್ಳಿ ಹಾಕಿದ, ಗಿಡ್ಡ ನೂಡಲ್ಸಿನಂಥ ಕೇಸೆಷ್ಪೆಟ್ಸ್‌ಲೆ ಹೊಟ್ಟೆ ತುಂಬಿಸುತ್ತದೆ. ಕಾಸ್‌ಪ್ರೆಸ್‌ಕ್ನೋಡೆಲ್ ಎಂಬ ಚೀಸಿನ ವಡೆ ರುಚಿಯಾಗಿರುತ್ತದೆ, ಆದರೆ ಅದನ್ನು ತೇಲಿಬಿಡುವುದು ಸಾಮಾನ್ಯವಾಗಿ ದನದ ಮಾಂಸದ ತಿಳಿಸಾರಿನಲ್ಲಿ; ಸಾರು ಬೇಡ, ಸಲಾಡ್ ಜೊತೆ ಕೊಡಿ ಎಂದು ಕೇಳಬೇಕು. ದೋಸೆಯ ಎಳೆಗಳಂತೆ ಕಾಣುವ ಫ್ರಿಟಾಟನ್ ಸೂಪಿನದೂ ಇದೇ ಕಥೆ. ಮೊಟ್ಟೆ ತಿನ್ನದವರಿಗೆ ಇವೆಲ್ಲವೂ ಕಷ್ಟ, ಏಕೆಂದರೆ ಕೇಸೆಷ್ಪೆಟ್ಸ್‌ಲೆಯಿಂದ ಹಿಡಿದು ಕೈಸರ್‌ಷ್ಮಾರ್ನ್ ಎಂಬ ಸಿಹಿ ಪ್ಯಾನ್‌ಕೇಕಿನ ಚೂರುಗಳವರೆಗೆ ಎಲ್ಲದರಲ್ಲೂ ಮೊಟ್ಟೆಯಿದೆ. ಈ ಕಾರಣಕ್ಕೆ ನಾನು ರಾತ್ರಿಯೂಟ ಸೇರಿದ ಹೋಟೆಲಿಗಿಂತ ಅಡುಗೆಮನೆಯಿರುವ ಬಾಡಿಗೆ ಮನೆಯನ್ನೇ ಸೂಚಿಸುತ್ತೇನೆ. ಕುಕ್ಕರ್, ಸಾರಿನ ಪುಡಿ, ತೊಗರಿಬೇಳೆ ಒಯ್ಯಿರಿ. ಹಿಮದಲ್ಲಿ ಆರು ಗಂಟೆ ಬಿದ್ದೆದ್ದು ಬಂದವರಿಗೆ ಬಿಸಿ ಅನ್ನ ಸಾರಿನಷ್ಟು ಹಿತವಾದದ್ದು ಯಾವ ಹೋಟೆಲಿನಲ್ಲೂ ಸಿಗದು. ಬೆಟ್ಟದ ಮೇಲಿನ ಕೆಲವು ಗುಡಿಸಲು ಹೋಟೆಲುಗಳಿಗೆ ನಗದು ಬೇಕಾಗಬಹುದು.

ಕುಡಿಯುವವರು ಯಾರಾದರೂ ಇದ್ದರೆ: ಈ ಕಣಿವೆಯಲ್ಲಿ ಬಿಳಿ ಟರ್ನಿಪ್ ಗಡ್ಡೆಯಿಂದ ಕ್ರೌಟಿಂಗರ್ ಎಂಬ ಮದ್ಯ ಇಳಿಸುತ್ತಾರೆ, ಅದರ ಹಕ್ಕನ್ನು ಇಲ್ಲಿನ ರೈತರಿಗೆ ಕೊಟ್ಟವಳು ರಾಣಿ ಮರಿಯಾ ತೆರೇಸಾ. ವಾಸನೆಯನ್ನು ವರ್ಣಿಸುವ ಧೈರ್ಯ ನನಗಿಲ್ಲ.

ಅನುಭವಿ ಸ್ಕೀಯರ್ ಒಬ್ಬರ ಉತ್ತರ

ನಿಮ್ಮ ಇಬ್ಬರು ಅನುಭವಿಗಳ ಪರವಾಗಿ ಒಂದು ಮಾತು. ಇಲ್ಲಿ ಹೆಚ್ಚಿನವು ನೀಲಿ ಮತ್ತು ಕೆಂಪು ಇಳಿಜಾರುಗಳು, ಎಂದರೆ ಸುಲಭದವು ಮತ್ತು ಮಧ್ಯಮದವು. ಕಪ್ಪು, ಅಂದರೆ ಕಠಿಣವಾದವು, ಕಡಿಮೆ. ಮೂರು ದಿನ ಖುಷಿಯಾಗಿರುತ್ತಾರೆ, ನಾಲ್ಕನೆಯ ದಿನ ಹಾದಿ ಬಿಟ್ಟು ಕಾಡಿನ ಹಿಮಕ್ಕೆ ಇಳಿಯೋಣವೆನ್ನುತ್ತಾರೆ. ಐದು ಹಂತಗಳ ಹಿಮಕುಸಿತದ ಮುನ್ಸೂಚನೆಯನ್ನು ಪ್ರತಿದಿನ ಪ್ರಕಟಿಸುತ್ತಾರೆ. ಅದನ್ನು ಓದಿ ಅರ್ಥ ಮಾಡಿಕೊಳ್ಳಲು, ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕುವ ಸಾಧನ ಬಳಸಲು ಬಾರದವರು ಗುರುತು ಹಾಕಿದ ಇಳಿಜಾರನ್ನು ಬಿಡಬಾರದು. ಬೇಸರವಾದರೆ ಮಾರ್ಗದರ್ಶಕರೊಬ್ಬರನ್ನು ಒಂದು ದಿನದ ಮಟ್ಟಿಗೆ ಗೊತ್ತು ಮಾಡಿಕೊಳ್ಳಲಿ, ಅಥವಾ ಆ ದಿನ ಮಕ್ಕಳ ಜೊತೆ ಜಾರುಬಂಡಿ ಎಳೆಯಲಿ.

ಮೊದಲು ಉತ್ತರಿಸಿದವರ ಸೇರ್ಪಡೆ

ಪ್ರಯಾಣದ ವಿಷಯ ಬರೆಯಲು ಮರೆತೆ. ಮ್ಯೂನಿಕ್‌ನಿಂದ ಕುಫ್‌ಸ್ಟೈನ್ ಮಾರ್ಗವಾಗಿ ವೋರ್ಗಲ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು, ಅಲ್ಲಿಂದ ಕಣಿವೆಗೆ ಬಸ್ಸಿದೆ. ಕಾರಿನಲ್ಲಿ ಹೋಗುವವರಿಗೆ ಚಳಿಗಾಲದ ಟಯರು ಮತ್ತು ಆಸ್ಟ್ರಿಯಾದ ಹೆದ್ದಾರಿಯ ವಿನ್ಯೆಟ್ (ಸುಂಕದ ಚೀಟಿ) ಎರಡೂ ಬೇಕು. ಕುಫ್‌ಸ್ಟೈನ್ ದಕ್ಷಿಣದ ನಿರ್ಗಮನದವರೆಗೆ ವಿನ್ಯೆಟ್ ವಿನಾಯಿತಿ ಇದೆ, ವೋರ್ಗಲ್ ಅದರಾಚೆಗಿದೆ. ರಜೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟರೆ ಇನ್ ಕಣಿವೆಯ ಹೆದ್ದಾರಿಯಲ್ಲಿ ಇಡೀ ಜರ್ಮನಿಯೇ ನಿಮ್ಮ ಮುಂದೆ ನಿಂತಿರುತ್ತದೆ. ನಾವು ಎರಡನೆಯ ಸಲ ಹಿರಿಯರನ್ನೂ ಮಕ್ಕಳನ್ನೂ ರೈಲಿನಲ್ಲಿ ಕಳುಹಿಸಿ, ಸಾಮಾನು ಮತ್ತು ಕುಕ್ಕರನ್ನು ಒಂದೇ ಕಾರಿನಲ್ಲಿ ಒಯ್ದೆವು. ರೈಲಿನವರು ಎರಡು ಗಂಟೆ ಮೊದಲೇ ತಲುಪಿ, ಬೀಗದ ಕೈ ನಮ್ಮ ಬಳಿಯೇ ಉಳಿದಿದ್ದರಿಂದ, ಎದುರಿನ ಬೇಕರಿಯಲ್ಲಿ ಕುಳಿತು ಕಾಯುತ್ತಿದ್ದರು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.